ತಾಲ್ಲೂಕು ಕೇಂದ್ರದ ಪೊಲೀಸ್ ಠಾಣೆ: ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸಣ್ಣ ಊರುಗಳಲ್ಲಿ ಪೊಲೀಸ್ ಠಾಣೆ ಸಾಮಾನ್ಯವಾಗಿ ತಾಲ್ಲೂಕು ಕಚೇರಿ, ನ್ಯಾಯಾಲಯ, ಬಸ್ ನಿಲ್ದಾಣಗಳ ಆಸುಪಾಸಿನಲ್ಲೇ ಇರುತ್ತದೆ. ದಿನವೂ ಅದರ ಮುಂದೆಯೇ ಓಡಾಡುವವರು, ಒಳಗೆ ಹೋಗಬೇಕಾದ ದಿನ ಬಂದಾಗ ಗೇಟಿನ ಹತ್ತಿರವೇ ನಿಂತುಬಿಡುತ್ತಾರೆ. ಠಾಣಾ ಬರಹಗಾರನ ಮೇಜಿನ ಹಿಂದೆ ಹಲವು ವರ್ಷ ಕುಳಿತಿದ್ದ ನನಗೆ ಹಾಗೆ ನಿಂತವರ ಮುಖಗಳು ಇಂದಿಗೂ ನೆನಪಿವೆ. ಅವರಿಗೆ ಬೇಕಾಗಿದ್ದುದು ಎರಡೇ: ತಾವು ಹೇಳುವುದನ್ನು ಒಬ್ಬರು ಕೂತು ಕೇಳಬೇಕು, ಕೇಳಿದ್ದಕ್ಕೆ ಗುರುತಾಗಿ ಒಂದು ಕಾಗದ ಕೈಗೆ ಬರಬೇಕು. ಇವೆರಡೂ ಅವರ ಹಕ್ಕು. ಎರಡನೆಯದನ್ನು ಕೇಳಿ ಪಡೆಯಲು ಬಹಳ ಮಂದಿ ಹಿಂಜರಿಯುತ್ತಾರೆಂಬ ಕಾರಣಕ್ಕೇ ಇದನ್ನು ಬರೆದಿದ್ದೇನೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿರುವುದರಿಂದ, ಕೆಳಗೆ ಬೇರೆ ಕಾಯ್ದೆಯ ಹೆಸರಿಲ್ಲದ ಕಲಂಗಳೆಲ್ಲ ಹೊಸ ನಾಗರಿಕ ಸುರಕ್ಷಾ ಸಂಹಿತೆಯವು.

ದೂರನ್ನು ಹೇಗೆ ಬರೆಯಬೇಕು? ಬರೆಯಲು ಬಾರದವರು ಏನು ಮಾಡಬೇಕು?

ದೂರಿಗೆ ನಿಗದಿತ ನಮೂನೆಯಿಲ್ಲ, ಶುಲ್ಕವಿಲ್ಲ, ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆಯ ಮೇಲೆ ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್, ಘಟನೆ ನಡೆದ ದಿನ, ಹೊತ್ತು, ಜಾಗ, ಏನು ನಡೆಯಿತು, ಯಾರು ಮಾಡಿದರು ಅಥವಾ ಯಾರ ಮೇಲೆ ಅನುಮಾನ, ನೋಡಿದವರು ಯಾರು ಎಂಬುದನ್ನು ನಡೆದ ಕ್ರಮದಲ್ಲೇ ಬರೆದರೆ ಸಾಕು. ದೂರು ಕೊಡುವುದು ತಡವಾಗಿದ್ದರೆ ಏಕೆ ತಡವಾಯಿತೆಂಬುದನ್ನು ಒಂದು ಸಾಲಿನಲ್ಲಾದರೂ ಬರೆಯಿರಿ. ಮುಂದೆ ನ್ಯಾಯಾಲಯದಲ್ಲಿ ಎದುರು ವಕೀಲರು ಮೊದಲು ಕೇಳುವ ಪ್ರಶ್ನೆಯೇ ಅದು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಠಾಣಾಧಿಕಾರಿಯೋ ಅವರ ಸೂಚನೆಯಂತೆ ಸಿಬ್ಬಂದಿಯೋ ಬರೆದುಕೊಳ್ಳಬೇಕು, ಬರೆದದ್ದನ್ನು ಓದಿ ಹೇಳಬೇಕು, ಆನಂತರವೇ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಇದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ. ಓದಿ ಹೇಳುವ ಮೊದಲು ಸಹಿ ಮಾಡಬೇಡಿ.

ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವರ ಹತ್ತಿರ ದೂರು ಬರೆಸಿಕೊಂಡು ಬರುವವರು ಬಹಳ. ಅದು ತಪ್ಪಲ್ಲವಾದರೂ ಅದರಲ್ಲಿ ಒಂದು ನಷ್ಟವಿದೆ. ಒಮ್ಮೆ ಮಾಂಗಲ್ಯ ಸರ ಕಳೆದುಕೊಂಡ ತಾಯಿಯೊಬ್ಬರು ಸೆರಗಿನ ತುದಿಯಲ್ಲಿ ಗಂಟು ಹಾಕಿ ತಂದಿದ್ದ ಹಾಳೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಅದರಲ್ಲಿ ‘ಯಾರೋ ಅಪರಿಚಿತ ವ್ಯಕ್ತಿಗಳು ಏಕಾಏಕಿ ಬಂದು’ ಎಂದಷ್ಟೇ ಇತ್ತು. ಕೂರಿಸಿ, ನೀರು ಕೊಟ್ಟು, ಮತ್ತೆ ಮೊದಲಿನಿಂದ ಹೇಳಿ ಎಂದಾಗ ಬೈಕಿನ ಹ್ಯಾಂಡಲ್ಲಿಗೆ ಮಾಸಿದ ಕೆಂಪು ಬಟ್ಟೆ ಕಟ್ಟಿತ್ತೆಂದೂ, ಹಿಂದೆ ಕುಳಿತವನು ಎಡಗೈಯಲ್ಲಿ ಸರ ಎಳೆದನೆಂದೂ ಹೇಳಿದರು. ತನಿಖೆಗೆ ಬೇಕಾಗಿದ್ದುದು ಈ ಎರಡು ಮಾತು. ಅವು ಹಾಳೆಯಲ್ಲಿ ಇರಲೇ ಇಲ್ಲ. ಆದ್ದರಿಂದ ಯಾರು ಬರೆದುಕೊಟ್ಟರೂ ನೀವು ಕಣ್ಣಾರೆ ಕಂಡದ್ದು ನಿಮ್ಮ ಮಾತಿನಲ್ಲೇ ಅದರಲ್ಲಿರಲಿ.

ಇ-ಮೇಲ್ ಮುಂತಾದ ವಿದ್ಯುನ್ಮಾನ ಮಾಧ್ಯಮದ ಮೂಲಕವೂ ಮಾಹಿತಿ ಕೊಡಬಹುದು. ಆದರೆ 3 ದಿನಗಳೊಳಗೆ ಠಾಣೆಗೆ ಬಂದು ಸಹಿ ಮಾಡಿದರೆ ಮಾತ್ರ ಅದು ದಾಖಲಾಗುತ್ತದೆ.

ಘಟನೆ ನಡೆದ ಜಾಗ ಬೇರೆ ಠಾಣೆಯ ಸರಹದ್ದಿನದು. ‘ಅಲ್ಲಿಗೇ ಹೋಗಿ’ ಎನ್ನಬಹುದೇ?

ಹಾಗೆನ್ನುವಂತಿಲ್ಲ. ಗಂಭೀರ ಅಪರಾಧದ ಮಾಹಿತಿಯನ್ನು ಎಲ್ಲಿ ನಡೆದಿದ್ದರೂ ಯಾವ ಠಾಣೆಯಾದರೂ ಸ್ವೀಕರಿಸಬೇಕೆಂದು 173ನೇ ಕಲಮಿನಲ್ಲೇ ಇದೆ. ಸೊನ್ನೆ ನಂಬರಿನಲ್ಲಿ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸುವುದರಿಂದ ಇದನ್ನು ಜೀರೋ ಎಫ್‌ಐಆರ್ ಎನ್ನುತ್ತಾರೆ. ರಾತ್ರಿ ಬಸ್ಸಿನಲ್ಲಿ ಬ್ಯಾಗು ಕಳುವಾಗಿ, ಎಲ್ಲಿ ಕಳುವಾಯಿತೆಂದೇ ತಿಳಿಯದೆ ಬೆಳಗ್ಗೆ ನಮ್ಮ ಊರಿನಲ್ಲಿ ಇಳಿಯುವವರಿಗೆ ಇದರಿಂದ ದೊಡ್ಡ ಅನುಕೂಲ.

ಎಫ್‌ಐಆರ್, ಎನ್‌ಸಿಆರ್, ಅರ್ಜಿ ವಿಚಾರಣೆ ಎಂದು ಬೇರೆ ಬೇರೆ ಹೇಳುತ್ತಾರೆ. ವ್ಯತ್ಯಾಸವೇನು?

ಈ ಪ್ರಶ್ನೆಗೆ ಉತ್ತರ ತಿಳಿದರೆ ಠಾಣೆಯ ಅರ್ಧ ವ್ಯವಹಾರ ತಿಳಿದಂತೆ. ಕೊಲೆ, ದರೋಡೆ, ಸರಗಳ್ಳತನ, ಅತ್ಯಾಚಾರದಂಥ ಅಪರಾಧಗಳಲ್ಲಿ ಪೊಲೀಸರು ನ್ಯಾಯಾಲಯದ ಆದೇಶಕ್ಕೆ ಕಾಯದೆ ತನಿಖೆ ಆರಂಭಿಸಬಹುದು. ಇವು ಸಂಜ್ಞೇಯ ಅಪರಾಧಗಳು. ಇವುಗಳ ಮೊದಲ ಮಾಹಿತಿಯನ್ನು ದಾಖಲಿಸುವ ಪ್ರಥಮ ವರ್ತಮಾನ ವರದಿಯೇ ಎಫ್‌ಐಆರ್. ಬರಿಯ ಬೈಗುಳ, ಸಾಧಾರಣ ಹೊಡೆತದಂಥವು ಅಸಂಜ್ಞೇಯ. ಇವುಗಳಲ್ಲಿ 174ನೇ ಕಲಮಿನಂತೆ ಠಾಣೆಯ ಪುಸ್ತಕದಲ್ಲಿ ಸಾರಾಂಶ ಬರೆದು, ದೂರುದಾರರಿಗೆ ನ್ಯಾಯಾಲಯದ ದಾರಿ ತೋರಿಸುತ್ತಾರೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ. ಇದು ಎನ್‌ಸಿಆರ್. ಹೊಸ ಕಾನೂನಿನ ಅನುಸೂಚಿಯಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಸಾದಾ ಕಳವೂ ಅಸಂಜ್ಞೇಯದ ಪಟ್ಟಿಗೆ ಬಂದಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಮೂರನೆಯದಾದ ಅರ್ಜಿ ವಿಚಾರಣೆಯ ಬಗ್ಗೆ ಸ್ವಲ್ಪ ಎಚ್ಚರದಿಂದಿರಿ. ದೂರನ್ನು ‘ಅರ್ಜಿ’ ಎಂದು ತೆಗೆದುಕೊಂಡು, ಎರಡೂ ಕಡೆಯವರನ್ನು ಕರೆಸಿ, ಮುಚ್ಚಳಿಕೆ ಬರೆಸಿ, ಹಿಂಬರಹ ಕೊಟ್ಟು ಮುಗಿಸುವ ಪದ್ಧತಿ ಹಳೆಯದು. ನೆರೆಹೊರೆಯ ಮನಸ್ತಾಪಗಳಿಗೆ ಅದು ಒಳ್ಳೆಯದೇ. ಎಷ್ಟೋ ಮನೆಗಳು ಹಾಗೆ ಉಳಿದಿವೆ. ಆದರೆ ಸಂಜ್ಞೇಯ ಅಪರಾಧವನ್ನು ಅರ್ಜಿಯಾಗಿ ಇಳಿಸಿ ವಾರಗಟ್ಟಲೆ ಓಡಾಡಿಸುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಮಾಹಿತಿಯಲ್ಲಿ ಸಂಜ್ಞೇಯ ಅಪರಾಧ ಕಂಡುಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡಿವೈಎಸ್‌ಪಿಯವರ ಅನುಮತಿ ಪಡೆದು, 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ಮುಗಿಸಲು ಹೊಸ ಸಂಹಿತೆ ಅವಕಾಶ ಕೊಟ್ಟಿದೆ.

ಯಾವುದೇ ರೀತಿಯಲ್ಲಿ ದೂರು ತೆಗೆದುಕೊಂಡರೂ ದಿನಾಂಕ ಮತ್ತು ಮೊಹರು ಇರುವ ಸ್ವೀಕೃತಿ ಪಡೆಯದೆ ಹಿಂತಿರುಗಬೇಡಿ. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ದೂರುದಾರರಿಗೋ ನೊಂದವರಿಗೋ ಉಚಿತವಾಗಿ ಕೊಡಬೇಕು.

ದೂರು ತೆಗೆದುಕೊಳ್ಳಲು ಒಪ್ಪದಿದ್ದರೆ?

ಮೊದಲು ಪಿಎಸ್‌ಐ ಅವರನ್ನೇ ನೇರವಾಗಿ ಕಾಣಿರಿ. ಎಷ್ಟೋ ಸಲ ಒಪ್ಪದಿದ್ದವರು ಮುಂದಿನ ಮೇಜಿನವರು ಮಾತ್ರ. ಠಾಣಾಧಿಕಾರಿಗೆ ವಿಷಯವೇ ತಲುಪಿರುವುದಿಲ್ಲ. ಅಲ್ಲೂ ಆಗದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಸ್ಪೀಡ್ ಪೋಸ್ಟಿನ ರಸೀದಿಯನ್ನು ದೂರಿನ ನಕಲಿಗೆ ಪಿನ್ ಮಾಡಿ ಇಟ್ಟುಕೊಳ್ಳಿ. ಅದರಿಂದಲೂ ಫಲ ಸಿಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಬಹುದು, ಮತ್ತು ಅಲ್ಲಿ ಎಸ್‌ಪಿಯವರಿಗೆ ಬರೆದಿದ್ದಕ್ಕೆ ಆಧಾರವನ್ನು ಕೇಳುತ್ತಾರೆ. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ, ಸಹಾಯವಾಣಿ 15100. ಲೈಂಗಿಕ ಅಪರಾಧ, ಆಸಿಡ್ ದಾಳಿಯಂಥ ಕೆಲವು ನಿರ್ದಿಷ್ಟ ಅಪರಾಧಗಳ ಮಾಹಿತಿಯನ್ನು ದಾಖಲಿಸಿಕೊಳ್ಳದ ಸರ್ಕಾರಿ ನೌಕರನಿಗೆ ನ್ಯಾಯ ಸಂಹಿತೆಯ 199ನೇ ಕಲಮಿನಡಿ ಕನಿಷ್ಠ 6 ತಿಂಗಳಿಂದ 2 ವರ್ಷದವರೆಗೆ ಕಠಿಣ ಸೆರೆವಾಸವಿದೆ.

ಎಫ್‌ಐಆರ್ ಆಯಿತು. ಆಮೇಲೆ ಏನಾಯಿತೆಂದು ಯಾರೂ ಹೇಳುವುದಿಲ್ಲವಲ್ಲ?

ಹೇಳಬೇಕು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ನೊಂದವರಿಗೆ ತಿಳಿಸುವುದು ಈಗ 193ನೇ ಕಲಮಿನಂತೆ ತನಿಖಾಧಿಕಾರಿಯ ಕರ್ತವ್ಯ, ಫೋನಿಗೆ ಸಂದೇಶ ಕಳಿಸಿದರೂ ಆದೀತು. ಸಾಕ್ಷ್ಯ ಸಿಕ್ಕರೆ ದೋಷಾರೋಪಣ ಪಟ್ಟಿ ನ್ಯಾಯಾಲಯಕ್ಕೆ ಹೋಗುತ್ತದೆ. ದೂರು ಸುಳ್ಳು, ತಪ್ಪು ತಿಳಿವಳಿಕೆಯದು ಅಥವಾ ಸಿವಿಲ್ ಸ್ವರೂಪದ್ದೆಂದು ಕಂಡರೆ ‘ಬಿ’ ರಿಪೋರ್ಟ್, ಆರೋಪಿ ಪತ್ತೆಯಾಗದಿದ್ದರೆ ‘ಸಿ’ ರಿಪೋರ್ಟ್ ಹೋಗುತ್ತದೆ. ‘ಬಿ’ ರಿಪೋರ್ಟ್ ಎಂದ ಕೂಡಲೇ ಎಲ್ಲ ಮುಗಿಯಿತೆಂದು ತಿಳಿಯಬೇಡಿ. ಅದನ್ನು ಒಪ್ಪುವ ಮೊದಲು ನ್ಯಾಯಾಲಯ ನಿಮಗೆ ನೋಟಿಸ್ ಕೊಡಬೇಕು, ನೀವು ತಕರಾರು ಅರ್ಜಿ ಸಲ್ಲಿಸಬಹುದು. ಮನೆ ಬದಲಾಯಿಸಿದ್ದರೆ ಹೊಸ ವಿಳಾಸವನ್ನು ಠಾಣೆಗೆ ಬರೆದುಕೊಡಿ. ನೋಟಿಸ್ ಹಳೆಯ ವಿಳಾಸಕ್ಕೆ ಹೋಗಿ ವಾಪಸಾಗಿ, ದೂರುದಾರರಿಗೆ ತಿಳಿಯದೆಯೇ ಪ್ರಕರಣ ಮುಗಿದುಹೋಗುವುದುಂಟು.

ಪಕ್ಕದ ಜಮೀನಿನವರು ಬದು ಒತ್ತಿದ್ದಾರೆ. ಪೊಲೀಸರು ಬಂದು ಅಳೆದುಕೊಡುತ್ತಾರೆಯೇ?

ಇಲ್ಲ. ಜಮೀನು ಯಾರದು, ಗಡಿ ಎಲ್ಲಿ ಎಂದು ತೀರ್ಮಾನಿಸುವ ಅಧಿಕಾರ ಪೊಲೀಸರಿಗಿಲ್ಲ. ಗಡಿ ಅಳೆದು ಗುರುತಿಸುವ ಹದ್ದುಬಸ್ತಿಗೆ ಭೂಮಾಪನ ಇಲಾಖೆಗೆ ಅರ್ಜಿ ಹಾಕಬೇಕು, ಹಕ್ಕಿನ ತಕರಾರಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಪೊಲೀಸರ ಕೆಲಸ ಎರಡು ಸಂದರ್ಭಗಳಲ್ಲಿ ಮಾತ್ರ. ಬದು ಕಡಿಯುವಾಗ ಹಲ್ಲೆ ಮಾಡಿದ್ದರೆ, ಬೆಳೆ ನಾಶ ಮಾಡಿದ್ದರೆ ಅದು ಅಪರಾಧ, ಅದಕ್ಕೆ ದೂರು ಕೊಡಿ. ಕೈಕೈ ಮಿಲಾಯಿಸುವ ಲಕ್ಷಣವಿದ್ದರೆ ಶಾಂತಿ ಕಾಪಾಡುವಂತೆ ಮುಚ್ಚಳಿಕೆ ಬರೆಸಲು ತಾಲ್ಲೂಕು ದಂಡಾಧಿಕಾರಿಗಳಾದ ತಹಶೀಲ್ದಾರರಿಗೆ ಪೊಲೀಸರು ವರದಿ ಕಳಿಸಬಹುದು. ಮುಂಗಾರಿನ ಮೊದಲ ಮಳೆ ಬಿದ್ದು ನೇಗಿಲು ಕಟ್ಟುವ ವಾರದಲ್ಲಿ ಇಂಥ ದೂರುಗಳು ಒಟ್ಟಿಗೆ ಬರುತ್ತವೆ. ಬೇಸಿಗೆಯಲ್ಲೇ ಸರ್ವೆಗೆ ಅರ್ಜಿ ಹಾಕಿದವರು ಈ ಜಗಳದಿಂದ ಉಳಿದುಕೊಳ್ಳುತ್ತಾರೆ.

ಕೈಸಾಲ ಕೊಟ್ಟಿದ್ದೆ, ವಾಪಸ್ ಕೊಡುತ್ತಿಲ್ಲ. ವಸೂಲಿ ಮಾಡಿಸಿಕೊಡುತ್ತೀರಾ?

ಸಾಲ ವಸೂಲಿ ಪೊಲೀಸರ ಕೆಲಸವಲ್ಲ. ಪ್ರಾಮಿಸರಿ ನೋಟ್ ಇದ್ದರೆ ಸಿವಿಲ್ ದಾವೆ ಹೂಡಬೇಕು. ಚೆಕ್ ಬೌನ್ಸ್ ಆಗಿದ್ದರೆ ಠಾಣೆಗೆ ಅಲೆಯುತ್ತ ದಿನ ಕಳೆಯಬೇಡಿ, ಏಕೆಂದರೆ ಅಲ್ಲಿ ಗಡುವು ಓಡುತ್ತಿರುತ್ತದೆ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕಳಿಸಬೇಕು, ನೋಟಿಸ್ ತಲುಪಿ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ 1 ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಖಾಸಗಿ ದೂರು ದಾಖಲಿಸಬೇಕು.

ಸಾಲ ತೆಗೆದುಕೊಂಡವರ ಪ್ರಶ್ನೆ ಬೇರೆ. ಮೀಟರ್ ಬಡ್ಡಿಯ ವಿರುದ್ಧ ನಮ್ಮ ರಾಜ್ಯದಲ್ಲಿ 2004ರ ಕಾಯ್ದೆಯಿದೆ. ಕಿರು ಸಾಲದ ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ಮೊದಲು ಸುಗ್ರೀವಾಜ್ಞೆ, ಅನಂತರ ಪ್ರತ್ಯೇಕ ಕಾಯ್ದೆ ಬಂದಿದ್ದು, ಅದರಲ್ಲಿ ಗರಿಷ್ಠ 10 ವರ್ಷದವರೆಗೆ ಸೆರೆವಾಸವಿದೆ. ಕಂತು ತಪ್ಪಿದ್ದಕ್ಕೆ ಮನೆ ಬಾಗಿಲಲ್ಲಿ ಕೂರುವುದು, ಹೆಂಗಸರನ್ನು ಬೈಯುವುದು, ಪಾತ್ರೆ ಸಾಮಾನು ಎತ್ತಿಕೊಂಡು ಹೋಗುವುದು ಯಾರಿಗೂ ಇರುವ ಹಕ್ಕಲ್ಲ. ಸಾಲ ಮಾಡಿದ್ದೇವೆಂಬ ನಾಚಿಕೆಯಿಂದ ಸುಮ್ಮನಿರಬೇಡಿ. ಜೀವಕ್ಕಿಂತ ದೊಡ್ಡ ಕಂತು ಯಾವುದೂ ಇಲ್ಲ.

ಫೋನಿನಲ್ಲಿ ಮಾತಾಡಿ ಖಾತೆಯಿಂದ ಹಣ ಎಗರಿಸಿದ್ದಾರೆ. ಬೆಳಗ್ಗೆ ಠಾಣೆಗೆ ಬರಲೇ?

ಬೆಳಗಿನವರೆಗೆ ಕಾಯಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟುತ್ತ ಹೋಗುತ್ತದೆ. ಬ್ಯಾಂಕು ಅದನ್ನು ತಡೆಹಿಡಿಯುವಷ್ಟರಲ್ಲಿ ಯಾರಾದರೂ ಎಟಿಎಂನಲ್ಲಿ ತೆಗೆದುಬಿಟ್ಟರೆ ಮರಳಿ ಪಡೆಯುವುದು ಬಹಳ ಕಷ್ಟ. ಆದ್ದರಿಂದ ಮೊದಲ ಒಂದೆರಡು ಗಂಟೆಯೇ ನಿರ್ಣಾಯಕ. ವಹಿವಾಟಿನ ಸಂಖ್ಯೆ ಇರುವ ಸಂದೇಶವನ್ನು ಅಳಿಸಬೇಡಿ. ಕರೆ ಮುಗಿದ ಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ಲಿನಲ್ಲಿ ದೂರು ದಾಖಲಿಸಿ, ಹತ್ತಿರದ ಠಾಣೆಗೋ ಜಿಲ್ಲಾ ಕೇಂದ್ರದಲ್ಲಿರುವ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೋ ಬನ್ನಿ.

‘ಡಿಜಿಟಲ್ ಅರೆಸ್ಟ್’ ಎಂಬುದು ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕರೆಯಲ್ಲಿ ಸಮವಸ್ತ್ರ ತೋರಿಸಿ, ಕೋಣೆಯಿಂದ ಆಚೆ ಬರಬೇಡಿ, ಯಾರಿಗೂ ಹೇಳಬೇಡಿ ಎನ್ನುವವರು ಪೊಲೀಸರಲ್ಲ. ನಿವೃತ್ತ ಶಿಕ್ಷಕರು, ಒಂಟಿಯಾಗಿರುವ ಹಿರಿಯರು ಇದಕ್ಕೆ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಮನೆಯಲ್ಲಿರುವ ಹಿರಿಯರಿಗೆ ಇದನ್ನು ಇವತ್ತೇ ಓದಿ ಹೇಳಿ.

ಮೊಬೈಲ್ ಕಳೆದುಹೋಗಿದೆ, ಅಂಕಪಟ್ಟಿ ಕಳೆದಿದೆ. ಇದಕ್ಕೂ ಠಾಣೆಗೆ ಬರಬೇಕೇ?

ಕಳುವಾಗಿದ್ದರೆ ಬರಬೇಕು. ಎಲ್ಲೋ ಬಿದ್ದುಹೋಗಿದ್ದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ನೀವೇ ವಿವರ ತುಂಬಿ ಸ್ವೀಕೃತಿ ಪಡೆಯಬಹುದು, ನಕಲು ಪ್ರತಿಗೆ ಅರ್ಜಿ ಹಾಕಲು ಅದು ಉಪಯೋಗಕ್ಕೆ ಬರುತ್ತದೆ. ಮೊಬೈಲ್ ಆದರೆ ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್ಲಿನಲ್ಲಿ ಆ ಫೋನಿನದೇ ಗುರುತಾದ ಐಎಂಇಐ ಸಂಖ್ಯೆ ಕೊಟ್ಟು ಬ್ಲಾಕ್ ಮಾಡಿಸಿ. ಯಾರಾದರೂ ಅದಕ್ಕೆ ಬೇರೆ ಸಿಮ್ ಹಾಕಿದರೆ ಸುಳಿವು ಸಿಗುತ್ತದೆ. ಐಎಂಇಐ ಸಂಖ್ಯೆ ಪೆಟ್ಟಿಗೆಯ ಮೇಲೂ ಬಿಲ್ಲಿನಲ್ಲೂ ಇರುತ್ತದೆ, *#06# ಒತ್ತಿದರೆ ಪರದೆಯ ಮೇಲೂ ಬರುತ್ತದೆ. ಫೋನ್ ಕೈಯಲ್ಲಿರುವಾಗಲೇ ಅದನ್ನು ಬರೆದಿಟ್ಟುಕೊಳ್ಳಿ.

ಮನೆಯವರು ಕಾಣುತ್ತಿಲ್ಲ. 24 ಗಂಟೆ ಕಾಯಬೇಕಂತೆ, ಹೌದೇ?

ಅಂಥ ನಿಯಮ ಎಲ್ಲೂ ಇಲ್ಲ. ಸಂಶಯ ಬಂದ ಕ್ಷಣವೇ ಬನ್ನಿ. 18 ವರ್ಷದೊಳಗಿನ ಮಗು ಕಾಣೆಯಾದರೆ ಎಫ್‌ಐಆರ್ ದಾಖಲಿಸಿ ತನಿಖೆ ಮಾಡಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದೆ. ಇತ್ತೀಚಿನ ಫೋಟೊ, ಉಟ್ಟಿದ್ದ ಬಟ್ಟೆ, ಮೈಮೇಲಿನ ಮಚ್ಚೆ ಗುರುತು, ಮಾತಾಡುವ ಭಾಷೆ, ಫೋನ್ ನಂಬರ್, ಸ್ನೇಹಿತರ ಹೆಸರು ಇವನ್ನು ತನ್ನಿ. ಮನೆಯಲ್ಲಿ ಜಗಳ ಆಗಿದ್ದರೆ ಅದನ್ನು ಮುಚ್ಚಿಡಬೇಡಿ. ಮರ್ಯಾದೆಯ ಪ್ರಶ್ನೆಯೆಂದು ಮೊದಲ ದಿನ ಮುಚ್ಚಿಟ್ಟ ಮಾತು ಮೂರನೆಯ ದಿನ ಹೊರಬಂದದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ. ಆ ಮೂರು ದಿನಗಳಲ್ಲಿ ಹುಡುಕಾಟ ಬೇರೆ ದಿಕ್ಕಿಗೆ ಹೋಗಿರುತ್ತದೆ.

ಠಾಣೆಗೆ ಬರುವ ಹೆಂಗಸರಿಗೆ ಯಾವ ರಕ್ಷಣೆಯಿದೆ?

ಲೈಂಗಿಕ ಅಪರಾಧಕ್ಕೆ ಒಳಗಾದವರ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಆಸ್ಪತ್ರೆಯಲ್ಲಿ, ಅದು ಖಾಸಗಿಯಾದರೂ, ಮೊದಲ ಚಿಕಿತ್ಸೆ ಉಚಿತ. ಹೆಸರು, ಗುರುತು ಯಾರೂ ಪ್ರಕಟಿಸುವಂತಿಲ್ಲ; ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವುದೂ ಅಪರಾಧವೇ. ನೊಂದವರು ಮಕ್ಕಳಾದರೆ ಪೋಕ್ಸೊ ಕಾಯ್ದೆಯಂತೆ ಅವರ ಮನೆಯಲ್ಲೋ ಅವರಿಗೆ ಇಷ್ಟವಾದ ಜಾಗದಲ್ಲೋ ಹೇಳಿಕೆ ಪಡೆಯಬೇಕು, ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಗಂಡನ ಮನೆಯ ಹಿಂಸೆಗೆ ಪೊಲೀಸರ ಜೊತೆಗೆ ಇನ್ನೊಂದು ಬಾಗಿಲಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಗಂಡನನ್ನು ಜೈಲಿಗೆ ಕಳಿಸುವುದು ಬೇಡ, ಆದರೆ ಹೊಡೆತ ನಿಲ್ಲಬೇಕು, ತಲೆಯ ಮೇಲೆ ಸೂರು ಉಳಿಯಬೇಕು ಎನ್ನುವ ಅಕ್ಕತಂಗಿಯರಿಗೆ ಈ ದಾರಿ ಹೆಚ್ಚು ಹೊಂದುತ್ತದೆ. ಮಹಿಳಾ ಸಹಾಯವಾಣಿ 181. ಬಾಲ್ಯವಿವಾಹದ ಸುಳಿವು ಸಿಕ್ಕರೆ 1098ಕ್ಕೆ ಹೇಳಿ.

ಪೊಲೀಸರು ಫೋನ್ ಮಾಡಿ ಠಾಣೆಗೆ ಬರಲು ಹೇಳಿದ್ದಾರೆ. ಹೋಗಲೇಬೇಕೇ?

ಯಾವ ಪ್ರಕರಣ, ಯಾವ ನಂಬರ್, ನಾನು ಸಾಕ್ಷಿಯೋ ಆರೋಪಿಯೋ ಎಂದು ವಿನಯದಿಂದ ಕೇಳಿ, ಲಿಖಿತ ನೋಟಿಸ್ ಕೊಡಿ ಎನ್ನಿ. ಸಾಕ್ಷಿಯಾಗಿ ಕರೆಯುವುದಾದರೆ, ಹೆಂಗಸರು, 15 ವರ್ಷದೊಳಗಿನ ಗಂಡುಮಕ್ಕಳು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರು ಠಾಣೆಗೆ ಹೋಗಬೇಕಿಲ್ಲ. ಅಧಿಕಾರಿಯೇ ಅವರ ಮನೆಗೆ ಬಂದು ಹೇಳಿಕೆ ಪಡೆಯಬೇಕೆಂದು 179ನೇ ಕಲಂ ಹೇಳುತ್ತದೆ. ತಾವಾಗಿ ಬರಲು ಇಷ್ಟವಿದ್ದರೆ ಬರಬಹುದು. ಆರೋಪಿಯೆಂದು 35(3)ನೇ ಕಲಮಿನ ನೋಟಿಸ್ ಬಂದಿದ್ದರೆ ಅದನ್ನು ನಿರ್ಲಕ್ಷಿಸಬೇಡಿ. ಹೇಳಿದ ದಿನ ಹಾಜರಾಗಿ ಸಹಕರಿಸಿದವರನ್ನು, ಅಧಿಕಾರಿ ಕಾರಣವನ್ನು ಬರೆದಿಡದೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡರೆ ಆ ರಕ್ಷಣೆ ಹೋಗುತ್ತದೆ.

ಮನೆಯವರನ್ನು ಬಂಧಿಸಿದರೆ ನಮ್ಮ ಹಕ್ಕುಗಳೇನು?

ಬಂಧನದ ಕಾರಣ ಹೇಳಬೇಕು, ಬಂಧನ ಪತ್ರಕ್ಕೆ ಮನೆಯವರ ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಸಹಿ ಹಾಕಿಸಬೇಕು, ಬಂಧಿತರು ಹೇಳಿದವರಿಗೆ ಸುದ್ದಿ ಮುಟ್ಟಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದಿರಬೇಕು. ಜಾಮೀನು ಸಿಗುವ ಅಪರಾಧವಾದರೆ ಠಾಣೆಯಲ್ಲೇ ಜಾಮೀನು ಕೊಡಬೇಕು. ಮನೆ ಶೋಧಿಸುವಾಗ, ವಸ್ತು ವಶಪಡಿಸಿಕೊಳ್ಳುವಾಗ 105ನೇ ಕಲಮಿನಂತೆ ವಿಡಿಯೊ ಚಿತ್ರೀಕರಣ ಕಡ್ಡಾಯ.

ರಸ್ತೆ ಅಪಘಾತ ನೋಡಿದೆ. ಸಹಾಯ ಮಾಡಿದರೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆಯೇ?

ಈ ಭಯಕ್ಕೆ ಹೆದ್ದಾರಿ ಬದಿಯಲ್ಲಿ ಉಸಿರು ಬಿಟ್ಟವರಿದ್ದಾರೆ, ಹಾಗಾಗಿ ಸ್ಪಷ್ಟವಾಗಿ ಹೇಳುತ್ತೇನೆ: ಅಲೆಯಬೇಕಾಗಿಲ್ಲ. 112ಕ್ಕೋ 108ಕ್ಕೋ ಕರೆ ಮಾಡಿ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಹೆಸರನ್ನೂ ಹೇಳದೆ ಹೊರಡಬಹುದು. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸಹಾಯ ಮಾಡಿದವರಿಗೆ ಪೂರ್ಣ ರಕ್ಷಣೆ ಕೊಟ್ಟಿದೆ. ಸಾಕ್ಷಿ ಹೇಳುವುದು ನಿಮ್ಮ ಇಚ್ಛೆ. ಮೊದಲ ಒಂದು ಗಂಟೆಯೊಳಗೆ ಗಂಭೀರ ಗಾಯಾಳುವಿನ ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರ 2025ರಿಂದ 25,000 ರೂಪಾಯಿ ಪುರಸ್ಕಾರ ನಿಗದಿಪಡಿಸಿದೆ. ಅದೇ ವರ್ಷದ ಮತ್ತೊಂದು ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆಯಿದೆ.

ಪ್ರಕರಣದಲ್ಲಿ ವಶಪಡಿಸಿಕೊಂಡ ವಾಹನವನ್ನು ಬಿಡಿಸಿಕೊಳ್ಳುವುದು ಹೇಗೆ?

ಯಾವ ಠಾಣೆಯ ಹಿಂದೆ ಹೋಗಿ ನೋಡಿದರೂ ಹೊಂಗೆ ಮರದ ಕೆಳಗೆ ಸಾಲಾಗಿ ನಿಂತ ಬೈಕುಗಳು ಕಾಣುತ್ತವೆ. ಸೀಟು ಬಿರಿದಿರುತ್ತದೆ, ಚಕ್ರದ ಕಡ್ಡಿಗಳ ನಡುವೆ ಹುಲ್ಲು ಬೆಳೆದಿರುತ್ತದೆ, ಟ್ಯಾಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಪ್ರಕರಣದ ನಂಬರು ಅರ್ಧ ಅಳಿಸಿರುತ್ತದೆ. ಇವುಗಳಲ್ಲಿ ಹಲವು ವಾಹನಗಳ ಮಾಲೀಕರಿಗೆ ಒಂದು ಅರ್ಜಿ ಹಾಕಿದರೆ ಸಿಗುತ್ತದೆಂಬುದೇ ತಿಳಿದಿರುವುದಿಲ್ಲ. ಆರ್‌ಸಿ, ವಿಮೆ, ಗುರುತಿನ ಚೀಟಿಯೊಂದಿಗೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ 503ನೇ ಕಲಮಿನ ಅರ್ಜಿ ಸಲ್ಲಿಸಿದರೆ, ಬಾಂಡ್ ಬರೆಸಿಕೊಂಡು ಮಧ್ಯಂತರವಾಗಿ ಬಿಟ್ಟುಕೊಡುತ್ತಾರೆ. ವಾಹನಗಳನ್ನು ಠಾಣೆಯಲ್ಲಿ ಬಹುಕಾಲ ಕೊಳೆಯಿಸಬಾರದೆಂದು ಸುಪ್ರೀಂ ಕೋರ್ಟ್ 2002ರಷ್ಟು ಹಿಂದೆಯೇ ಹೇಳಿದೆ. ಕಳ್ಳರಿಂದ ವಶಪಡಿಸಿಕೊಂಡ ನಿಮ್ಮ ಒಡವೆಗೂ ಇದೇ ಕ್ರಮ.

ಗಣೇಶನನ್ನು ಕೂರಿಸಲು, ಧ್ವನಿವರ್ಧಕ ಹಾಕಲು ಅನುಮತಿ ಬೇಕೇ?

ಬೇಕು. ಠಾಣೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿ, ವಿದ್ಯುತ್ ಕಂಪನಿ ಮೂರೂ ಕಡೆ ವಿಚಾರಿಸಿ, ಮೆರವಣಿಗೆಯ ದಾರಿ ಮತ್ತು ಹೊಣೆ ಹೊರುವವರ ಹೆಸರು, ಫೋನ್ ನಂಬರನ್ನು ಮೊದಲೇ ಬರೆದುಕೊಡಿ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಪರೀಕ್ಷೆಗೆ ಓದುವ ಮಗುವೋ ಹಾಸಿಗೆ ಹಿಡಿದ ಅಜ್ಜಿಯೋ ಇರುವ ಮನೆಯವರು 112ಕ್ಕೆ ಕರೆ ಮಾಡಿದರೆ ಅದನ್ನು ಹಬ್ಬದ ವಿರೋಧವೆಂದು ಯಾರೂ ತಿಳಿಯಬಾರದು.

ಪಾಸ್‌ಪೋರ್ಟ್ ಪರಿಶೀಲನೆಗೆ ಬಂದವರಿಗೆ ಹಣ ಕೊಡಬೇಕೇ?

ಕೊಡಬಾರದು. ಅರ್ಜಿಯ ಶುಲ್ಕದಾಚೆಗೆ ಪೊಲೀಸ್ ಪರಿಶೀಲನೆಗೆ ಪ್ರತ್ಯೇಕ ಶುಲ್ಕವಿಲ್ಲ. ಕೆಲಸಕ್ಕೆ ಬೇಕಾದ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ, ಅಲ್ಲಿ ತೋರಿಸುವ ಶುಲ್ಕವನ್ನು ಅಲ್ಲೇ ಕಟ್ಟಿ.

ಜಾತಿ ಹೆಸರಿನಲ್ಲಿ ಹಲ್ಲೆ, ನಿಂದನೆ ಆಗಿದೆ. ‘ಮೊದಲು ವಿಚಾರಣೆ ಮಾಡೋಣ’ ಎನ್ನುತ್ತಿದ್ದಾರೆ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 18ಎ ಕಲಂ ಪ್ರಕಾರ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರ ಕೈಯಲ್ಲಿ ಇರಬಾರದು, ನೊಂದವರಿಗೆ ಹಂತಹಂತವಾಗಿ ಪರಿಹಾರ ಬರಬೇಕು. ಊರಿನ ಹಿರಿಯರು ಕೂಡಿ ರಾಜಿ ಮಾಡಿಸುತ್ತೇವೆಂದರೆ, ಆ ರಾಜಿಯ ಭಾರವೆಲ್ಲ ಪೆಟ್ಟು ತಿಂದವರ ಮೇಲೆಯೇ ಬೀಳುವುದನ್ನು ನಾನು ಕಂಡಿದ್ದೇನೆ. ದೂರು ಕೊಡಿ.

ಮಕ್ಕಳು ಅನ್ನ ಹಾಕುತ್ತಿಲ್ಲ. ಪೊಲೀಸರು ಬುದ್ಧಿ ಹೇಳಬಹುದೇ?

ಹೇಳಬಹುದು, ಎಷ್ಟೋ ಸಲ ಹೇಳಿದ್ದೇವೆ. ಆದರೆ ಶಾಶ್ವತ ಪರಿಹಾರ ಉಪವಿಭಾಗಾಧಿಕಾರಿಗಳ ಬಳಿಯಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅವರು ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು ರದ್ದುಪಡಿಸಬಹುದು. ಸಹಾಯವಾಣಿ 14567.

ಪೊಲೀಸರೇ ಲಂಚ ಕೇಳಿದರೆ, ಹೊಡೆದರೆ ಯಾರಿಗೆ ಹೇಳುವುದು?

ಲಂಚಕ್ಕೆ ಲೋಕಾಯುಕ್ತ. 2022ರ ಆಗಸ್ಟಿನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು ರದ್ದುಪಡಿಸಿದ ಮೇಲೆ ಈ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂದಿದೆ. ಕೇಳಿದ ಹಣ ಕೊಡುವ ಮೊದಲೇ ಅವರ ಬಳಿಗೆ ಹೋಗಿ. ದುರ್ವರ್ತನೆಗೆ ಎಸ್‌ಪಿ, ರಾಜ್ಯ ಪೊಲೀಸ್ ದೂರು ಪ್ರಾಧಿಕಾರ, ಮಾನವ ಹಕ್ಕುಗಳ ಆಯೋಗಗಳಿವೆ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದೆ. ಆದ್ದರಿಂದ ನೀವು ಠಾಣೆಯಲ್ಲಿದ್ದ ದಿನ ಮತ್ತು ಹೊತ್ತನ್ನು ನಿಖರವಾಗಿ ಬರೆದಿಟ್ಟುಕೊಂಡು, ಆ ಅವಧಿಯ ದೃಶ್ಯ ಅಳಿಸದಂತೆ ಕೂಡಲೇ ಲಿಖಿತವಾಗಿ ಕೇಳಿ. ಇದನ್ನು ಬರೆಯುವಾಗ ನನಗೆ ಸಂಕೋಚವಿಲ್ಲ. ರಾತ್ರಿಯಿಡೀ ಗಸ್ತು ತಿರುಗಿ ಪ್ರಾಮಾಣಿಕವಾಗಿ ದುಡಿಯುವ ನೂರಾರು ಸಹೋದ್ಯೋಗಿಗಳ ಹೆಸರು ಕೆಡುವುದು ಇಂಥ ಕೆಲವರಿಂದಲೇ.

ಚುನಾವಣೆಯೆಂದು ತೋಟದ ಬಂದೂಕು ಠಾಣೆಯಲ್ಲಿಡಲು ಹೇಳಿದ್ದಾರೆ.

ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಮಲೆನಾಡಿನ ರೈತರು ಪ್ರತಿ ಚುನಾವಣೆಯಲ್ಲೂ ಕೇಳುವ ಪ್ರಶ್ನೆಯಿದು. ಕಾಡುಹಂದಿಯ ಕಾಟವಿರುವವರು ವಿನಾಯಿತಿ ಕೋರಿ ಜಿಲ್ಲಾ ಪರಿಶೀಲನಾ ಸಮಿತಿಗೆ ಮೊದಲೇ ಅರ್ಜಿ ಕೊಡಬಹುದು. ಇಡುವುದಾದರೆ ಬಂದೂಕಿನ ನಂಬರು, ಸ್ಥಿತಿ ಬರೆದ ರಸೀದಿ ಪಡೆಯಿರಿ, ಹಿಂದಕ್ಕೆ ಪಡೆಯುವಾಗ ಅದನ್ನೇ ಕೇಳುತ್ತಾರೆ.

ಮದುವೆಗೆ ಊರಿಗೆ ಹೋಗುತ್ತಿದ್ದೇವೆ, ಮನೆಗೆ ಬೀಗ. ಠಾಣೆಗೆ ತಿಳಿಸಬೇಕೇ?

ತಿಳಿಸಿ. ಹೊರಡುವ ದಿನ, ಬರುವ ದಿನ, ಮನೆಯ ವಿಳಾಸ, ನಿಮ್ಮ ನಂಬರ್ ಇಷ್ಟನ್ನು ಬರೆದುಕೊಟ್ಟರೆ ರಾತ್ರಿ ಗಸ್ತಿನವರು ಆ ಬೀದಿಯಲ್ಲಿ ಒಂದು ಸುತ್ತು ಹೆಚ್ಚು ಹಾಕುತ್ತಾರೆ. ನಿಮ್ಮ ಬೀದಿಯ ಬೀಟ್ ಸಿಬ್ಬಂದಿ ಯಾರೆಂದು ಠಾಣೆಯಲ್ಲಿ ಕೇಳಿ, ಅವರ ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಒಡವೆಯನ್ನು ಬ್ಯಾಂಕಿನ ಲಾಕರಿನಲ್ಲಿಡಿ, ಹಾಲು ಮತ್ತು ಪತ್ರಿಕೆ ನಿಲ್ಲಿಸಿ, ಅಂಗಳದ ರಂಗೋಲಿಯನ್ನು ದಿನವೂ ಹಾಕುವಂತೆ ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಬಾಗಿಲ ಮುಂದೆ ಒಣಗಿದ ಹಳೆಯ ರಂಗೋಲಿಯನ್ನು ನೋಡಿಯೇ ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದುಕೊಂಡೆವೆಂದು ಸಿಕ್ಕಿಬಿದ್ದ ಕಳ್ಳರೊಬ್ಬರು ನನ್ನ ಮುಂದೆಯೇ ಹೇಳಿಕೆ ಬರೆಸಿದ್ದರು.